ಬೆಟ್ಟಕ್ಕೆ ಹೋಗುವ ಮುನ್ನ ಇಳಿಯುವುದನ್ನು ಅಭ್ಯಾಸ ಮಾಡಿ

ಕೊಡಚಾದ್ರಿಗೋ ಕವಲೇದುರ್ಗಕ್ಕೋ ನಡೆದು ಹೋಗುವ ಆಲೋಚನೆಯಿರುವವರು, ಹೊರಡುವುದಕ್ಕೆ ಒಂದು ವಾರ ಮೊದಲು ಮಹಡಿಯ ಮೆಟ್ಟಿಲನ್ನೋ ತೋಟದ ಇಳಿಜಾರನ್ನೋ ಹತ್ತು ಹದಿನೈದು ನಿಮಿಷ ನಿಧಾನವಾಗಿ ಇಳಿಯುವ ಅಭ್ಯಾಸ ಮಾಡಿಕೊಂಡರೆ, ಬೆಟ್ಟದಿಂದ ಬಂದ ಮರುದಿನ ತೊಡೆ ಹಿಡಿದುಕೊಂಡು ಕೂರುವ ಪಾಡು ಬಹುಮಟ್ಟಿಗೆ ತಪ್ಪುತ್ತದೆ. ಹತ್ತುವಾಗ ಏದುಸಿರು ಬರುವುದರಿಂದ ಎಲ್ಲರೂ ಹತ್ತುವುದಕ್ಕೇ ಸಿದ್ಧರಾಗುತ್ತಾರೆ. ಆದರೆ ಮರುದಿನದ ನೋವಿಗೆ ಕಾರಣ ಹೆಚ್ಚಾಗಿ ಇಳಿಯುವಿಕೆಯೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುವುದರಿಂದ ಅದರ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ, ಮತ್ತು ಅಂತಹ ಪೆಟ್ಟನ್ನು ಒಮ್ಮೆ ಅಲ್ಪ ಪ್ರಮಾಣದಲ್ಲಿ ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ಶ್ರಮವನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಸಮತಟ್ಟಾದ ರಸ್ತೆಯ ನಡಿಗೆಯಾಗಲಿ ಸೈಕಲ್ ತುಳಿಯುವುದಾಗಲಿ ಈ ರಕ್ಷಣೆಯನ್ನು ಅಷ್ಟಾಗಿ ಕೊಡುವುದಿಲ್ಲ. (ದಿನವೂ ದರೆ ಹತ್ತಿಳಿದು ತೋಟದ ಕೆಲಸ ಮಾಡುವವರಿಗೆ ಇದರ ಅಗತ್ಯವೇ ಬೀಳದು.) ಹೊರಡುವ ಹಿಂದಿನ ದಿನ ಅಭ್ಯಾಸ ಮಾಡಿದರೆ ಮಾತ್ರ ಇದು ತಿರುಗುಬಾಣವಾಗುತ್ತದೆ, ಏಕೆಂದರೆ ಇಂತಹ ನೋವು 24ರಿಂದ 72 ಗಂಟೆಗಳ ನಡುವೆ ಹೆಚ್ಚುವುದರಿಂದ ನೋಯುವ ಕಾಲಿನಲ್ಲೇ ಬೆಟ್ಟ ಹತ್ತಬೇಕಾದೀತು. ಮಂಡಿಯ ಸಂಧಿ ಸವೆದವರಿಗೆ ಈ ಅಭ್ಯಾಸ ಹೊಂದುವುದಿಲ್ಲ. ಅವರು ಊರುಗೋಲು ಹಿಡಿದು ಚಿಕ್ಕ ಹೆಜ್ಜೆಯಲ್ಲಿ ಇಳಿಯುವುದು ಮೇಲು. ಮಳೆಗಾಲದಲ್ಲಿ ಪಾಚಿಗಟ್ಟಿದ ಜಂಬಿಟ್ಟಿಗೆ ಮೆಟ್ಟಿಲುಗಳನ್ನು ಬಿಟ್ಟು ಮನೆಯೊಳಗಿನ ಮೆಟ್ಟಿಲನ್ನೇ ಬಳಸಿ. ವಿಪರೀತ ನೋವಿನೊಂದಿಗೆ ತೊಡೆ ಊದಿಕೊಂಡು ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ಮೈನೋವಲ್ಲ, ತಡಮಾಡದೆ ವೈದ್ಯರನ್ನು ಕಾಣಬೇಕು.