ಯಂತ್ರಬಾಲಕನ ಸಣ್ಣಕಥೆಯನ್ನು ತೆರೆಗೆ ತರುವ ಬಗೆ

ಕೃತಕ ಬುದ್ಧಿಮತ್ತೆಯ ಕುರಿತ ಸಣ್ಣಕಥೆಯನ್ನು ಚಿತ್ರಕಥೆಯಾಗಿಸಲು ಹೊರಟವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು, ಪಾತ್ರವು ಯಂತ್ರವೆಂಬ ಗುಟ್ಟು ಪ್ರೇಕ್ಷಕರಿಗೆ ಯಾವಾಗ ತಿಳಿಯಬೇಕು ಎಂಬುದನ್ನು. ಇಂಗ್ಲಿಷ್ ಲೇಖಕ ಬ್ರಿಯಾನ್ ಆಲ್ಡಿಸ್ 1969ರಲ್ಲಿ ಪ್ರಕಟಿಸಿದ, ಕೆಲವೇ ಪುಟಗಳ ‘ಸೂಪರ್‌ಟಾಯ್ಸ್ ಲಾಸ್ಟ್ ಆಲ್ ಸಮ್ಮರ್ ಲಾಂಗ್’ ಕಥೆಯಲ್ಲಿ ಡೇವಿಡ್ ಎಂಬ ಹುಡುಗ ತಾಯಿಗೆ ಪತ್ರ ಬರೆಯಲು ಹೆಣಗುತ್ತಾನೆ. ಅವನು ಯಂತ್ರವೆಂಬುದು ಓದುಗರಿಗೆ ಖಚಿತವಾಗುವುದು ಕಥೆ ಮುಗಿಯುವ ಹೊತ್ತಿಗೆ. ಚಿತ್ರನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ವರ್ಷಗಟ್ಟಲೆ ಈ ಕಥೆಯ ಬೆನ್ನುಹತ್ತಿ, ಚಿತ್ರ ಕೈಗೂಡದೆಯೇ 1999ರಲ್ಲಿ ತೀರಿಕೊಂಡರು. ಸ್ಟೀವನ್ ಸ್ಪಿಲ್‌ಬರ್ಗ್ 2001ರಲ್ಲಿ ತಂದ ಚಿತ್ರವಾದರೋ ಗುಟ್ಟನ್ನು ಆರಂಭದಲ್ಲೇ ಬಿಟ್ಟುಕೊಡುತ್ತದೆ.

ಅದೇ ಸರಿಯೆಂದು ನನ್ನ ಎಣಿಕೆ. ಪುಟದ ಮೇಲೆ ‘ಹುಡುಗ’ ಎಂದು ಬರೆದರೆ ಓದುಗರು ನಂಬುತ್ತಾರೆ. ಕ್ಯಾಮೆರಾ ಮುಖದ ಹತ್ತಿರ ಹೋದರೆ ಪ್ರೇಕ್ಷಕರು ಅವನ ರೆಪ್ಪೆ, ಊಟ, ನಿದ್ದೆಗಳನ್ನು ಅನುಮಾನದಿಂದ ನೋಡತೊಡಗುತ್ತಾರೆ.

ಅನಂತರ ಕಥೆಯಲ್ಲಿ ಮನಸ್ಸಿನೊಳಗೆ ನಡೆಯುವ ಪ್ರತಿಯೊಂದು ವಾಕ್ಯಕ್ಕೂ ಪೆನ್ಸಿಲಿನಿಂದ ಗುರುತು ಹಾಕಿ, ಅದಕ್ಕೆ ಸಮನಾಗಿ ಕಣ್ಣಿಗೆ ಕಾಣುವ ಕ್ರಿಯೆಯೊಂದನ್ನು ಹುಡುಕಬೇಕು. ಆಲ್ಡಿಸ್ ಕಥೆಯ ಅರ್ಧಕ್ಕೆ ನಿಂತ ಪತ್ರಗಳು ಹಾಗೆಯೇ ಉಳಿಯಬಲ್ಲ ವಸ್ತುಗಳು. ಇನ್ನು ಕೆಲವನ್ನು ಹೊಸದಾಗಿ ಕಲ್ಪಿಸಬೇಕಾಗುತ್ತದೆ: ಸ್ಪಿಲ್‌ಬರ್ಗ್ ಚಿತ್ರದಲ್ಲಿ ಊಟದ ಮೇಜಿನ ಬಳಿ ಮನೆಯ ಮಗನಿಗೆ ಪೈಪೋಟಿಯಾಗಿ ಡೇವಿಡ್ ಸೊಪ್ಪನ್ನು ಬಾಯಿಗೆ ತುರುಕಿಕೊಂಡು ಕೆಟ್ಟುಹೋಗುವ ದೃಶ್ಯವು, ಅವನ ಹಂಬಲವನ್ನೂ ಮಿತಿಯನ್ನೂ ವಿವರಣೆಯ ಹಂಗಿಲ್ಲದೆ ಒಟ್ಟಿಗೇ ತೋರಿಸುತ್ತದೆ.

ಹಕ್ಕುಗಳನ್ನು ಪಡೆಯದೆ ಇಷ್ಟೆಲ್ಲ ಶ್ರಮಪಡುವುದು ವ್ಯರ್ಥ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರವೆಂದು ಕಾಯ್ದೆ ಎಣಿಸುತ್ತದೆ (ಚಿತ್ರಕಥೆಗೇ ಮೂರು ವರ್ಷ ಹಿಡಿಯುವವರು ಇದನ್ನು ಮರೆಯಬಾರದು).

ಸಂಭಾಷಣೆಯನ್ನು ಕನ್ನಡದಲ್ಲಿ ಬರೆಯುವವರಿಗೆ ಒಂದು ಸವಾಲೂ, ಅದರೊಡನೆ ದೊಡ್ಡ ಅನುಕೂಲವೂ ಇದೆ. ನಮ್ಮಲ್ಲಿ ಸರ್ವನಾಮವಷ್ಟೇ ಅಲ್ಲ, ಕ್ರಿಯಾಪದವೂ ಲಿಂಗವನ್ನು ಹೇಳುವುದರಿಂದ, ಯಂತ್ರದ ಬಗ್ಗೆ ‘ಬಂತು’ ಎನ್ನಬೇಕೋ ‘ಬಂದ’ ಎನ್ನಬೇಕೋ ಎಂಬುದನ್ನು ಪ್ರತಿ ಪಾತ್ರವೂ ನಿರ್ಧರಿಸಲೇಬೇಕು. ತಂದೆ ಕೊನೆಯವರೆಗೂ ‘ಅದು ಮಲಗಿತಾ?’ ಎಂದೇ ಕೇಳುತ್ತಿರಲಿ. ತಾಯಿಯೂ ಮೊದಲು ಹಾಗೆಯೇ ಮಾತನಾಡಲಿ. ಒಂದು ರಾತ್ರಿ, ಅವಳಿಗೇ ಅರಿವಿಲ್ಲದಂತೆ, ‘ಮಲಗಿದ’ ಎಂದು ಉತ್ತರಿಸಲಿ. ಆ ಮಾತಿನ ಮೇಲೆ ಹಿನ್ನೆಲೆ ಸಂಗೀತ ಬೇಡ.