ಹಾಸಿಗೆ ಹಿಡಿದವರ ಹತ್ತಿರ ಪ್ರಾರ್ಥನೆ ಕೇಳಿದೆವು: ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆಯ ನಡುವೆ ಕಾಯಿಲೆ ಬಿದ್ದವರ ಹೆಸರು ಓದಿ, ಅವರಿಗೋಸ್ಕರ ದೇವರನ್ನು ಬೇಡಿಕೊಳ್ಳುವ ಒಂದು ಭಾಗ ಇರುತ್ತದೆ. ವಿಜ್ಞಾಪನೆ ಅಂತೇವೆ. ಐದು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ಕಾಣಿಕೆ, ಹಾಡು, ಮನೆಗೆ ಊಟಕ್ಕೆ. ನಾವು ಕೆಲವರು ಆ ಪಟ್ಟಿಯನ್ನು ಅಲ್ಲಿಗೇ ಬಿಡದೆ, ವಾರದ ನಡುವೆ ಆ ಮನೆಗಳಿಗೂ ಆಸ್ಪತ್ರೆಗಳಿಗೂ ಹೋಗುವ ರೂಢಿ ಇಟ್ಟುಕೊಂಡಿದ್ದೇವೆ. ಧಾರವಾಡದಲ್ಲಿ ಇದು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಇಲ್ಲಿಗೆ ಬಂದಾಗಿನಿಂದ ರೋಗಿಯ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ನಮ್ಮ ಹಿರಿಯರ ಕೆಲಸವೇ ಆಗಿತ್ತು. ಈಗ ಎಲ್ಲರಿಗೂ ಟೈಮ್ ಕಡಿಮೆ, ವಾಟ್ಸಾಪ್ ಜಾಸ್ತಿ. ಅಷ್ಟೇ ವ್ಯತ್ಯಾಸ.

ಹೇಗೆ ಮಾಡುತ್ತೇವೆ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಸಾದಾ ನೋಟ್‌ಬುಕ್ ಇದೆ. ಒಬ್ಬರಿಗೆ ಅರ್ಧ ಪುಟ. ಮೇಲೆ ಹೆಸರು, ಕೆಳಗೆ ಅವರೇ ಹೇಳಿದ ಮಾತು. ಕಾಯಿಲೆಯ ಹೆಸರಿಗಿಂತ ಅವರು ಏನು ಕೇಳಿಕೊಂಡರು ಅನ್ನುವುದು ನನಗೆ ಮುಖ್ಯ. ಕೆಲವು ಅಚ್ಚಾದ ಪ್ರಾರ್ಥನಾ ಡೈರಿಗಳಲ್ಲಿ ಬಲಗಡೆ 'ಉತ್ತರ ಸಿಕ್ಕ ದಿನಾಂಕ' ಅಂತ ಒಂದು ಕಾಲಂ ಇರುತ್ತದೆ. ನನ್ನ ಪುಸ್ತಕದಲ್ಲಿ ಅದನ್ನು ಹಾಕಿಲ್ಲ. ಆ ಖಾಲಿ ಕಾಲಂ ನೋಡುತ್ತಾ ನೋಡುತ್ತಾ ಮನುಷ್ಯ ದೇವರ ಹತ್ತಿರ ಬಾಕಿ ವಸೂಲಿಗೆ ಹೊರಟವನ ಹಾಗೆ ಆಗಿಬಿಡುತ್ತಾನೆ.

ಬೆಳಿಗ್ಗೆ ಎದ್ದು ಆ ಹೆಸರುಗಳನ್ನು ಬಾಯಿಬಿಟ್ಟು ಓದುತ್ತೇನೆ. ಮನಸ್ಸಿನಲ್ಲೇ ಓದಿದರೆ ನನ್ನ ಗಮನ ಹಾಲಿನವನ ಕಡೆ ಹೋಗುತ್ತದೆ. ನಳ ಬರುವ ದಿನ ಕೊಡ ತುಂಬಿಸುತ್ತಲೇ ಓದುತ್ತೇನೆ. ಅದರಲ್ಲಿ ಭಕ್ತಿ ಕಡಿಮೆ ಆಯಿತು ಅಂತ ನನಗೆ ಅನ್ನಿಸಿಲ್ಲ. ಉದ್ದದ ಮಾತು ಇರುವುದಿಲ್ಲ. ಹೆಸರು, ಅವರು ಕೇಳಿಕೊಂಡಿದ್ದು, ಒಂದು ಕ್ಷಣ ಸುಮ್ಮನಿರುವುದು, ಮುಂದಿನ ಹೆಸರು.

ಭೇಟಿಗೆ ಹೋಗುವಾಗ ಇಬ್ಬರಿಗಿಂತ ಜಾಸ್ತಿ ಜನ ಹೋಗುವುದಿಲ್ಲ. ಕರೆಯದೆಯೂ ಹೋಗುವುದಿಲ್ಲ. ಬೈಬಲಿನ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ನೋಡಿ: ನಿಮ್ಮಲ್ಲಿ ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಯಿಸಲಿ ಅಂತ ಇದೆ. ಕರೆಯುವವನು ರೋಗಿ. ಹಿರಿಯರು ತಾವಾಗಿ ನುಗ್ಗಲಿ ಅಂತ ಇಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. 2006ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. ಆರು ಆಸ್ಪತ್ರೆಗಳು, ಹೃದಯದ ಬೈಪಾಸ್ ಮಾಡಿಸಿಕೊಂಡ 1,802 ರೋಗಿಗಳು. ಕೆಲವರಿಗಾಗಿ ಅಪರಿಚಿತರು ಪ್ರಾರ್ಥಿಸಿದರು, ಕೆಲವರಿಗಾಗಿ ಇಲ್ಲ. ಈ ಎರಡು ಗುಂಪಿನವರಿಗೂ ತಾವು ಯಾವ ಕಡೆ ಅಂತ ಗೊತ್ತಿರಲಿಲ್ಲ. ಮೊದಲ ಗುಂಪಿನಲ್ಲಿ ನೂರಕ್ಕೆ 52, ಎರಡನೆಯದರಲ್ಲಿ 51 ಜನರಿಗೆ ಆಪರೇಷನ್ ನಂತರ ಏನಾದರೊಂದು ತೊಡಕು ಆಯಿತು. ವ್ಯತ್ಯಾಸವೇ ಇಲ್ಲ ಅನ್ನಿ. ಮೂರನೇ ಗುಂಪಿನವರಿಗೆ 'ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ' ಅಂತ ಹೇಳಲಾಗಿತ್ತು. ಅವರಲ್ಲಿ 59.

ನಮ್ಮ ಗುಂಪಿನಲ್ಲಿ ಒಬ್ಬರಿಗೆ ಇದನ್ನು ಕೇಳಿ ಸಿಟ್ಟೇ ಬಂತು. ನನಗೆ ಬರಲಿಲ್ಲ. ಪ್ರಾರ್ಥನೆಯನ್ನು ಗುಳಿಗೆಯ ಲೆಕ್ಕದಲ್ಲಿ ಅಳೆಯಲು ಹೋದರೆ ಸಿಗುವುದು ಇಷ್ಟೇ. ಆದರೆ ಆ ಮೂರನೇ ಗುಂಪಿನ ವಿಷಯ ತಲೆಯಲ್ಲಿ ಉಳಿಯಿತು. 'ಪ್ರಾರ್ಥನೆಯವರನ್ನು ಕರೆಸುವಷ್ಟು ನನಗೆ ಸೀರಿಯಸ್ ಆಗಿದೆಯಾ' ಅಂತ ರೋಗಿ ಹೆದರಿರಬಹುದು ಅನ್ನುವ ಊಹೆ ಸಂಶೋಧಕರ ಕಡೆಯಿಂದಲೇ ಬಂದಿತ್ತು. ಐಸಿಯು ಬಾಗಿಲ ಮುಂದೆ ಹತ್ತು ಜನ ಬೈಬಲ್ ಹಿಡಿದು ನಿಂತರೆ ಒಳಗೆ ಮಲಗಿದವನಿಗೆ ಏನು ಅನ್ನಿಸೀತು? ಅದಕ್ಕೇ ಇಬ್ಬರು, ಕಡಿಮೆ ಧ್ವನಿ, ಹತ್ತು ನಿಮಿಷ.

ಹೋದ ಮೇಲೆ ಮೊದಲ ಪ್ರಶ್ನೆ ಒಂದೇ: "ಏನಂತ ಬೇಡಿಕೊಳ್ಳೋಣ?" ಯೇಸು ಯೆರಿಕೋ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು 'ನಿನಗೆ ಏನು ಮಾಡಬೇಕು' ಅಂತ ಕೇಳಿದ. ಎದುರಿಗೆ ಇರುವವನು ಕುರುಡ, ಗೊತ್ತಿರುವ ವಿಷಯವೇ ಅಲ್ವಾ? ಆದರೂ ಕೇಳಿದ. ನಮಗೆ ಸಿಗುವ ಉತ್ತರಗಳು ನಾವು ಅಂದುಕೊಂಡ ಹಾಗೆ ಇರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಒಬ್ಬ ಅಜ್ಜ ಹೇಳಿದ್ದು: "ಕಾಲಿನ ಮಾತು ಬಿಡ್ರಿ. ರಾತ್ರಿ ಒಂದೀಟು ನಿದ್ದಿ ಹತ್ತಲಿ ಅಂತ ಕೇಳ್ರಿ." ಇನ್ನೊಬ್ಬ ತಾಯಿ ತನ್ನ ಕೀಮೋ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳ ಮದುವೆ ಮಾತುಕತೆ ಮುರಿಯದೆ ಇರಲಿ ಅಂತ ಬೇಡಿಕೊಳ್ಳಿ ಅಂದರು. ಅದನ್ನೇ ಬೇಡಿಕೊಂಡೆವು.

ಜನರಲ್ ವಾರ್ಡ್ ಆದರೆ ಪಕ್ಕದ ಮಂಚದವರನ್ನು ನೋಡಿಕೊಂಡೇ ಮಾತಾಡುತ್ತೇವೆ. ಕೆಲವು ಸಾರಿ ಅವರೇ "ನಮಗೂ ಒಂದ್ ಮಾತು ಕೇಳ್ರಿ" ಅನ್ನುತ್ತಾರೆ. ಹಣೆಗೆ ವಿಭೂತಿ ಹಚ್ಚಿಕೊಂಡವರೂ, ಕೈಯಲ್ಲಿ ತಸ್ಬೀ ಹಿಡಿದವರೂ ಕೇಳಿದ್ದಾರೆ. ಹೆಸರು ಕೇಳಿ, ಅವರು ಹೇಳಿದ್ದನ್ನು ಬೇಡಿಕೊಂಡು ಬರುತ್ತೇವೆ. ಉಪದೇಶ ಮಾಡುವುದಿಲ್ಲ. ನೋವಿನಲ್ಲಿ ಮಲಗಿದವರಿಗೆ ಎದ್ದು ಹೋಗುವ ಅವಕಾಶವೂ ಇರುವುದಿಲ್ಲ, ನೆನಪಿರಲಿ.

ಇನ್ನು ಕಷ್ಟದ ಮಾತಿಗೆ ಬರುತ್ತೇನೆ. 'ಯಾಕೆ' ಅನ್ನುವ ಪ್ರಶ್ನೆ.

ನಮ್ಮ ಜನ ಇದಕ್ಕೆ ಬೇಗ ಉತ್ತರ ಕೊಟ್ಟುಬಿಡುತ್ತಾರೆ. ದೇವರ ಚಿತ್ತ. ದೇವರು ಪರೀಕ್ಷೆ ಮಾಡುತ್ತಿದ್ದಾನೆ. ಎಲ್ಲೋ ಪಾಪ ಇದೆ. ನಂಬಿಕೆ ಸಾಲದು. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಊರಿಗೆ ಬಂದ ಒಬ್ಬ ಬೋಧಕರ ಮಾತು ಕೇಳಿ ನಮ್ಮ ಪರಿಚಯದ ಹೆಂಗಸೊಬ್ಬರು ಬಿಪಿ ಗುಳಿಗೆ ನಿಲ್ಲಿಸಿದ್ದರು. ಗುಳಿಗೆ ನುಂಗಿದರೆ ನಂಬಿಕೆ ಕಡಿಮೆ ಅಂತ ಅರ್ಥವಂತೆ! ಅವರಿಗಾಗಿ ನಾವು ಮೊದಲು ಮಾಡಿದ ಕೆಲಸ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು. ಪ್ರಾರ್ಥನೆ ಆಟೋದಲ್ಲಿ ಆಯಿತು.

ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಯೇಸುವನ್ನು ಇದೇ ಪ್ರಶ್ನೆ ಕೇಳಿದ್ದರು. ಯಾರು ಪಾಪ ಮಾಡಿದ್ದು, ಇವನಾ, ಇವನ ತಂದೆತಾಯಿಯಾ? ಇವನೂ ಅಲ್ಲ, ಇವರೂ ಅಲ್ಲ ಅಂದ ಯೇಸು. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ನಾವು ಆ ಲೆಕ್ಕ ಬಿಡುವುದಿಲ್ಲ. ಇನ್ನು ನಂಬಿಕೆ ಸಾಲದು ಅನ್ನುವವರಿಗೆ ನಾನು ಅಪೊಸ್ತಲನಾದ ಪೌಲನನ್ನು ತೋರಿಸುತ್ತೇನೆ. ಶರೀರದಲ್ಲಿ ನಾಟಿದ್ದ ಶೂಲ ತೆಗೆದುಬಿಡು ಅಂತ ಅವನು ಮೂರು ಸಾರಿ ಬೇಡಿಕೊಂಡ. ತೆಗೆಯಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಅನ್ನುವ ಉತ್ತರ ಬಂತು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೂ ಅದೇ ಮಾತನ್ನು ಮತ್ತೆ ಮತ್ತೆ ಹೇಳಿ ಬೇಡಿಕೊಂಡ. ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ಹೋಗಲಿ ಅಂತ. ಹೋಗಲಿಲ್ಲ. ಆ ಇಬ್ಬರಿಗಿಂತ ಹೆಚ್ಚು ನಂಬಿಕೆ ನಮ್ಮ ಬಿಪಿ ಪೇಷಂಟಿಗೆ ಇರಬೇಕಾ?

ಆ ತೋಟದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಮಾತು. ಯೇಸು ಮೂವರು ಶಿಷ್ಯರನ್ನು ಹತ್ತಿರ ಕರೆದು, ನನ್ನ ಜೊತೆ ಎಚ್ಚರವಾಗಿರಿ ಅಂದ. ವಿವರಣೆ ಕೇಳಲಿಲ್ಲ, ಸಮಾಧಾನದ ಮಾತೂ ಕೇಳಲಿಲ್ಲ. ಎಚ್ಚರವಾಗಿರಿ ಅಂದ, ಅಷ್ಟೇ. ಅವರು ನಿದ್ದೆ ಹೋದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನ ಗೆಳೆಯರು ಈ ವಿಷಯದಲ್ಲಿ ಮೊದಮೊದಲು ವಾಸಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಬಾಯಿ ತೆರೆದ ಮೇಲೆ ಎಲ್ಲಾ ಕೆಟ್ಟಿತು.

ಕ್ಯಾನ್ಸರ್‌ನಿಂದ ತೀರಿಕೊಂಡ ಒಬ್ಬ ಹುಡುಗನ ಮನೆಗೆ ಹೋಗಿದ್ದೆವು. ರಾತ್ರಿ ಟ್ರೈನಿಗೆ ಬೆಂಗಳೂರು, ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಮತ್ತೆ ರಾತ್ರಿ ಟ್ರೈನು. ತಿಂಗಳುಗಟ್ಟಲೆ ಹಾಗೇ ಓಡಾಡಿದ್ದರು. ಅವನ ಹೆಸರು ನಮ್ಮ ಎಲ್ಲರ ಬಾಯಲ್ಲೂ ಇತ್ತು. ತಾಯಿ ಅವನ ಫೈಲು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಸ್ಕ್ಯಾನ್ ಫಿಲ್ಮುಗಳನ್ನು ಒಂದೊಂದಾಗಿ ಕವರಿಗೆ ಹಾಕುತ್ತಾ, ತಲೆ ಎತ್ತದೆಯೇ ಕೇಳಿದರು: "ಇಷ್ಟು ಮಂದಿ ಪ್ರಾರ್ಥನಾ ಮಾಡಿದ್ರಿ. ಏನಾತ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ, ಓದಲಾ ಅಂತ ಕೇಳಿ ಬೈಬಲಿನ ಎಂಬತ್ತೆಂಟನೇ ಕೀರ್ತನೆ ಓದಿದೆ. ನೂರೈವತ್ತು ಕೀರ್ತನೆಗಳಲ್ಲಿ ಅದರಷ್ಟು ಕತ್ತಲೆ ಇನ್ನೊಂದರಲ್ಲಿ ಇಲ್ಲ. ದುಃಖದ ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತುತಿಯ ಕಡೆ ತಿರುಗುತ್ತವೆ. ಹದಿಮೂರನೆಯದು 'ಎಷ್ಟು ಕಾಲ' ಅಂತ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ಇದು ತಿರುಗುವುದಿಲ್ಲ. ಯಾಕೆ ನನ್ನನ್ನು ತಳ್ಳಿಬಿಟ್ಟೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ಕೇಳಿ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆ ತಾಯಿ ಈಗ ತಲೆ ಎತ್ತಿದರು. "ಇದು ಸತ್ಯವೇದದಾಗ ಐತೇನು?" ಅಂದರು. ಐತಿ ಅಂದೆ. "ಇನ್ನೊಮ್ಮೆ ಓದ್ರಿ" ಅಂದರು.

ಆಮೇಲಿಂದ ಮರಣದ ಮನೆಗಳಲ್ಲಿ 'ಯೆಹೋವನು ನನಗೆ ಕುರುಬನು' ಅನ್ನುವ ಸಮಾಧಾನದ ಕೀರ್ತನೆ ಓದುವ ಮೊದಲು, ಕೇಳಿಕೊಂಡು, ಇದನ್ನೂ ಓದುತ್ತೇನೆ. ದೇವರ ಮೇಲೆ ದೂರು ಹೇಳುವುದಕ್ಕೂ ನಮ್ಮ ಪುಸ್ತಕದಲ್ಲಿ ಜಾಗ ಇದೆ ಅಂತ ಗೊತ್ತಾದರೆ ಜನರಿಗೆ ಉಸಿರಾಡಲು ಆಗುತ್ತದೆ. ದೇವರು ನಾಶಮಾಡಲು ಹೊರಟಿದ್ದ ಸೊದೋಮ್ ಊರಿನ ವಿಷಯದಲ್ಲಿ ಅಬ್ರಹಾಮ ದೇವರ ಜೊತೆ ಸಂತೆಯಲ್ಲಿ ನಿಂತವನಂತೆ ಚೌಕಾಸಿ ಮಾಡಿದ. ಐವತ್ತು ನೀತಿವಂತರಿಂದ ಶುರುಮಾಡಿ ಹತ್ತಕ್ಕೆ ಇಳಿಸಿದ. ವಿಜ್ಞಾಪನೆ ಅಂದರೆ ತಲೆ ತಗ್ಗಿಸಿ ಒಪ್ಪಿಕೊಳ್ಳುವುದೇ ಆಗಬೇಕಿಲ್ಲ.

ಹುಬ್ಬಳ್ಳಿಯಲ್ಲಿ ನಮಗೊಬ್ಬರು ಕಥೋಲಿಕ ಸ್ನೇಹಿತರಿದ್ದಾರೆ, ಮಂಗಳೂರಿನ ಕಡೆಯವರು. ಸಂಧಿವಾತದಿಂದ ಅವರ ಬೆರಳುಗಳು ಮಡಚುವುದಿಲ್ಲ, ಜಪಸರದ ಮಣಿಗಳನ್ನು ಹೆಬ್ಬೆರಳಿನಿಂದ ತಳ್ಳುತ್ತಾರೆ. ತಮ್ಮ ನೋವನ್ನು ಯೇಸುವಿನ ನೋವಿನ ಜೊತೆ ಸೇರಿಸಿ ಬೇರೆಯವರಿಗಾಗಿ ಒಪ್ಪಿಸುತ್ತೇನೆ ಅನ್ನುತ್ತಾರೆ. ಎರಡನೇ ಜಾನ್ ಪಾಲ್ ಪೋಪ್ 1981ರಲ್ಲಿ ಗುಂಡೇಟು ತಿಂದು ಬದುಕಿ, 1984ರಲ್ಲಿ ನೋವಿನ ಅರ್ಥದ ಬಗ್ಗೆ ಬರೆದ ಪತ್ರದಲ್ಲಿ ಇದೇ ವಿಚಾರ ಇದೆ. ಪತ್ರ ಶುರುವಾಗುವುದೇ ಪೌಲನ ಕೊಲೊಸ್ಸೆಯ ಪತ್ರಿಕೆಯ ಮಾತಿನಿಂದ. ನಾವು ಪ್ರೊಟೆಸ್ಟೆಂಟರಿಗೆ ಇದು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಶಿಲುಬೆಯಲ್ಲಿ ಎಲ್ಲಾ ಮುಗಿದಿದೆ, ನಮ್ಮ ನೋವು ಅದಕ್ಕೆ ಏನು ಸೇರಿಸೀತು? ನನಗೆ ಈಗಲೂ ಆ ತಕರಾರು ಇದೆ. ಆದರೆ ಅವರ ಮಾತಿನಲ್ಲಿ ಒಂದು ಅಂಶ ನಾವು ಬಿಟ್ಟುಬಿಟ್ಟದ್ದು. ಅವರ ಪ್ರಕಾರ ರೋಗಿಗೆ ಒಂದು ಕೆಲಸ ಇದೆ. ನಮ್ಮಲ್ಲಿ ರೋಗಿ ಅಂದರೆ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ.

ಯೋಬನ ಪುಸ್ತಕದ ಕೊನೆ ನೋಡಿ. ದೇವರು ಯೋಬನಿಗೆ ಕಾರಣ ಹೇಳಲೇ ಇಲ್ಲ. ಗೆಳೆಯರಿಗೆ ಮಾತ್ರ, ನನ್ನ ದಾಸನಾದ ಯೋಬನು ನಿಮಗಾಗಿ ಪ್ರಾರ್ಥಿಸುವನು ಅಂದ. ಉಪದೇಶ ಮಾಡಲು ಬಂದವರು ಪ್ರಾರ್ಥನೆ ಮಾಡಿಸಿಕೊಳ್ಳುವವರಾದರು. ಯೋಬ ಗೆಳೆಯರಿಗಾಗಿ ಪ್ರಾರ್ಥಿಸಿದಾಗಲೇ ಅವನ ಸ್ಥಿತಿ ತಿರುಗಿತು ಅಂತ ನಲವತ್ತೆರಡನೇ ಅಧ್ಯಾಯದಲ್ಲಿದೆ.

ಇದನ್ನು ಮಾಡಿ ನೋಡಿದ್ದು ನಮ್ಮ ಅಕ್ಕೋರ ಜೊತೆ. ಅವರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಿ ಆದವರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತು ನಿಧಾನ, ಆದರೆ ಬುದ್ಧಿ ಚುರುಕು. ಒಂದು ದಿನ ನಾವು ಪ್ರಾರ್ಥಿಸಿ ಏಳುವಾಗ, "ಬರೇ ನೀವು ನನಗ ಬೇಡಿಕೊಂಡು ಹೋಗ್ತೀರಿ. ನಾ ಈಗ ಯಾರಿಗೂ ಉಪಯೋಗ ಇಲ್ಲ ನೋಡು ತಮ್ಮಾ" ಅಂದರು. ನನ್ನ ನೋಟ್‌ಬುಕ್ ಚೀಲದಲ್ಲೇ ಇತ್ತು. "ಅಕ್ಕೋರೆ, ಈ ಹೆಸರು ನೀವು ನೋಡಿಕೊಳ್ಳಿ" ಅಂತ ಕೆಲವು ಹೆಸರು ದೊಡ್ಡ ಅಕ್ಷರದಲ್ಲಿ ಬರೆದು, ಹಾಗೆ ಕೊಡಲು ಒಪ್ಪಿದವರದ್ದು ಮಾತ್ರ, ದಿಂಬಿನ ಹತ್ತಿರ ಇಟ್ಟು ಬಂದೆ. ನನ್ನ ಹೆಸರನ್ನೂ ಸೇರಿಸಿದ್ದೆ. ಆಗ ನನ್ನ ತಮ್ಮನ ಜೊತೆ ಜಮೀನಿನ ಜಗಳ ನಡೆದಿತ್ತು.

ಅವರ ಕಾಯಿಲೆ ವಾಸಿಯಾಗಲಿಲ್ಲ. ಕೈ ಹಾಗೇ ಇದೆ. ಆದರೆ ಮಲಗಿದಲ್ಲಿಂದಲೇ ಅವರು ಆ ಪಟ್ಟಿಯನ್ನು ಹಾಜರಿ ಪುಸ್ತಕದ ಹಾಗೆ ನಡೆಸಲು ಶುರುಮಾಡಿದರು. ಈಗ ಅವರಂತೆ ಹಾಸಿಗೆ ಹಿಡಿದ ಇನ್ನೂ ಕೆಲವರಿಗೆ ಇದೇ ರೀತಿ ಹೆಸರು ಕೊಡುತ್ತೇವೆ. ಎಲ್ಲರಿಗೂ ಆಗುವುದಿಲ್ಲ. ಜಾಸ್ತಿ ನೋವು ಇರುವವರಿಗೆ, ಮನಸ್ಸು ಕುಗ್ಗಿದವರಿಗೆ ಇದು ಇನ್ನೊಂದು ಭಾರ. ಅವರು ಬೇಡ ಅಂದರೆ ಬಿಟ್ಟುಬಿಡುತ್ತೇವೆ. ಬೇಕು ಅಂದವರಿಗೂ ಮೂರು ನಾಲ್ಕು ಹೆಸರಿಗಿಂತ ಜಾಸ್ತಿ ಕೊಡುವುದಿಲ್ಲ.

ವಾಟ್ಸಾಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರಾರ್ಥನಾ ಮನವಿ ಅಂತ ಹೇಳಿ ಒಬ್ಬರ ಬಯಾಪ್ಸಿ ರಿಪೋರ್ಟು ನಾಲ್ಕು ಗುಂಪಿಗೆ ಫಾರ್ವರ್ಡ್ ಆಗಿದ್ದನ್ನು ನೋಡಿದ್ದೇನೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ದೇವರಿಗೆ ರಿಪೋರ್ಟಿನ ಫೋಟೋ ಬೇಕಾಗಿಲ್ಲ. ನಾವು ಹೆಸರು ಮಾತ್ರ ಹಾಕುತ್ತೇವೆ, ಅದೂ ಕೇಳಿ. ಹೆಸರೂ ಬೇಡ ಅಂದರೆ 'ಒಬ್ಬ ಸಹೋದರಿ' ಸಾಕು.

ಅಕ್ಕೋರಿಗೆ ಮಾತ್ರ 'ಒಬ್ಬ ಸಹೋದರಿ' ನಡೆಯುವುದಿಲ್ಲ. "ಹೆಸರಿಲ್ಲದ ಮಂದೀನ್ನ ನಾ ಹ್ಯಾಂಗ ನೆನಪಿಡ್ಲಿ?" ಅನ್ನುತ್ತಾರೆ. ಕೊಟ್ಟ ಹೆಸರಿನ ಸುದ್ದಿಯನ್ನೂ ತಿರುಗಿ ಕೇಳುತ್ತಾರೆ. ಮೊನ್ನೆ ಹೋದಾಗ ಕೂರುವ ಮೊದಲೇ ಶುರು: ಆ ನರ್ಸಿಂಗ್ ಹುಡುಗಿಯ ಪರೀಕ್ಷೆ ಏನಾಯಿತು, ಅಜ್ಜನಿಗೆ ನಿದ್ದೆ ಬರುತ್ತಿದೆಯಾ, ನಿನ್ನ ತಮ್ಮ ಮಾತಾಡಿಸಿದನಾ? ಹುಡುಗಿ ಪಾಸಾಗಿ ಆಗಲೇ ವಾರದ ಮೇಲಾಗಿತ್ತು, ಯಾರೂ ಅವರಿಗೆ ತಿಳಿಸಿರಲಿಲ್ಲ. ಚೆನ್ನಾಗಿ ಬೈಸಿಕೊಂಡೆವು. ಈಗ ಶನಿವಾರ ಸಂಜೆ ಅವರಿಗೆ ಫೋನು ಮಾಡಿ ಎಲ್ಲರ ಸುದ್ದಿ ಒಪ್ಪಿಸುವುದು ನನ್ನ ಪಾಲಿಗೆ ಬಂದಿದೆ. ತಮ್ಮ ಇನ್ನೂ ಮಾತಾಡಿಸಿಲ್ಲ. ಅದನ್ನೂ ಪ್ರತಿ ವಾರ ಹೇಳುತ್ತೇನೆ.