ನನ್ನ ಲಾರಿಯ ರಿಪೇರಿ ಖರ್ಚನ್ನು ನಾನು ಇಳಿಸಿಕೊಂಡ ಬಗೆ

ನನಗಿರುವುದು ಒಂದೇ ಲಾರಿ, 2009ರ ಟಾಟಾ 1613, ಆರು ಚಕ್ರದ ಗಾಡಿ. ಚಳ್ಳಕೆರೆ, ಹಿರಿಯೂರು ಸೀಮೆಯ ಈರುಳ್ಳಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಸಾಗಿಸುತ್ತೇನೆ. ಈರುಳ್ಳಿ ಇಲ್ಲದ ತಿಂಗಳುಗಳಲ್ಲಿ ಸಿಕ್ಕ ಲೋಡು ಹಾಕಿಕೊಳ್ಳುತ್ತೇನೆ. ಒಂದೇ ಗಾಡಿಯವನಿಗೆ ರಿಪೇರಿ ಬಂದರೆ ಗ್ಯಾರೇಜಿನ ಬಿಲ್ಲಿನ ಜೊತೆಗೆ ಗಾಡಿ ನಿಂತಷ್ಟು ದಿನದ ಬಾಡಿಗೆಯೂ ಹೋಗುತ್ತದೆ. ಆರು ವರ್ಷಗಳಿಂದ ಈಚೆಗೆ ಹಬ್ (ಚಕ್ರ ಕೂರುವ ನಡುಭಾಗ) ಗ್ರೀಸು, ಬ್ರೇಕ್ ಲೈನರ್ (ಬ್ರೇಕ್ ಹಾಕಿದಾಗ ಡ್ರಮ್ಮಿಗೆ ಉಜ್ಜುವ ಪಟ್ಟಿ), ಫಿಲ್ಟರ್, ಪಟ್ಟಾ (ಭಾರ ಹೊರುವ ಸ್ಪ್ರಿಂಗ್) ಬುಷ್‌ನಂತಹ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ.

ಅದಕ್ಕೆ ಕಾರಣವಾದದ್ದು ಡೀಸೆಲ್ ಪಂಪು. ಏರಿನಲ್ಲಿ ಪಿಕಪ್ ಬೀಳುತ್ತಿತ್ತು, ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಬೇಗ ಎತ್ತಿಕೊಳ್ಳುತ್ತಿರಲಿಲ್ಲ. ತೋರಿಸಿದ ಗ್ಯಾರೇಜಿನವರು ಪಂಪು ಇಳಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಬಿಡುವ ಅಳತೆ ಸರಿಪಡಿಸುವುದು) ಮಾಡಿಸಬೇಕು, ಸುಮಾರು ₹20,000 ಆಗುತ್ತದೆ ಎಂದರು. ಅಷ್ಟು ಹಣ ಕೈಯಲ್ಲಿ ಇರಲಿಲ್ಲವಾದ್ದರಿಂದ ನಮ್ಮೂರಿನ ಒಬ್ಬ ಹಿರಿಯ ಮೇಸ್ತ್ರಿಯವರನ್ನು ಕೇಳಿದೆ. "ಪಂಪು ಬಿಚ್ಚೋಕೆ ಮುಂಚೆ ಎಲ್ಲಿಂದ ಗಾಳಿ ಎಳೀತಿದೆ ನೋಡಪ್ಪ" ಎಂದಷ್ಟೇ ಹೇಳಿದರು. ಟ್ಯಾಂಕಿನಿಂದ, ಡೀಸೆಲ್ ಎಳೆದುಕೊಳ್ಳುವ ಫೀಡ್ ಪಂಪಿಗೆ ಬರುವ ಪೈಪಿನ ಜಾಗದಲ್ಲಿ ಒಂದು ಮೊಳ ಪಾರದರ್ಶಕ ಪೈಪನ್ನು ಹಾಕಿ ಇಂಜಿನ್ ಚಾಲು ಮಾಡಿದಾಗ, ಡೀಸೆಲ್ ಜೊತೆ ಸಾಸಿವೆ ಕಾಳಿನಂತಹ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಂಡಿತು. ಟ್ಯಾಂಕಿನ ಕಡೆಯ ಜಾಯಿಂಟಿನಲ್ಲಿದ್ದ ತಾಮ್ರದ ವಾಷರ್ ಹಲವು ಸಲ ಬಿಚ್ಚಿ ಬಿಗಿದು ಚಪ್ಪಟೆಯಾಗಿತ್ತು. ಅಲ್ಲಿ ಡೀಸೆಲ್ ಒತ್ತಡದಲ್ಲಿರದೆ ಎಳೆತದಲ್ಲಿರುವುದರಿಂದ ಹೊರಗೆ ಒಂದು ಹನಿಯೂ ಸೋರದೆ ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು. ಆ ಸಾಲಿನ ವಾಷರ್‌ಗಳನ್ನೆಲ್ಲ ಬದಲಿಸಿ, ಕೈಪಂಪು ಒತ್ತಿ ಗಾಳಿ ತೆಗೆದೆ. ಖರ್ಚು ನೂರು ರೂಪಾಯಿ ದಾಟಲಿಲ್ಲ, ಪಂಪು ಇಂದಿಗೂ ಅದೇ ಇದೆ. ಆದ್ದರಿಂದ ದೊಡ್ಡ ಉಳಿತಾಯ ಅಗ್ಗದ ಸ್ಪೇರ್‌ನಲ್ಲಿಲ್ಲ, ಬೇಡದ ಸ್ಪೇರ್ ಹಾಕದಿರುವುದರಲ್ಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸ್ಪೇರ್ ಕೊಳ್ಳುವಾಗ ಒಂದೇ ಭಾಗಕ್ಕೆ ಅಂಗಡಿಯಲ್ಲಿ ಮೂರು ಬೆಲೆ ಇರುತ್ತದೆ. ಲಾರಿ ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು, ಆ ಭಾಗವನ್ನು ತಯಾರಿಸುವ ಕಂಪನಿ ತನ್ನದೇ ಡಬ್ಬಿಯಲ್ಲಿ ಮಾರುವುದು ಇನ್ನೊಂದು, ಮೂರನೆಯದು ಲೋಕಲ್. ಲಾರಿ ಕಂಪನಿಗಳು ಬೇರಿಂಗ್, ಫಿಲ್ಟರ್, ಲೈನರ್, ಕ್ಲಚ್ ಪ್ಲೇಟುಗಳನ್ನು ಬಹುಪಾಲು ಹೊರಗಿನ ತಯಾರಕರಿಂದ ಪಡೆಯುತ್ತವೆ. ಅದೇ ತಯಾರಕರ ಡಬ್ಬಿಯನ್ನು ಕೊಂಡರೆ ಗುಣಮಟ್ಟ ಬಿಟ್ಟುಕೊಡದೆ ಹಣ ಉಳಿಯುತ್ತದೆ. ಹಾಗಾಗಿ ನಾನು ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನು ತೊಳೆದು ಕೈಯಲ್ಲೇ ಹಿಡಿದು ಹೋಗುತ್ತೇನೆ, ಅದರ ಮೇಲೆ ಕೆತ್ತಿರುವ ತಯಾರಕರ ಹೆಸರು ಮತ್ತು ಸಂಖ್ಯೆಯನ್ನು ಓದಿ ಅದನ್ನೇ ಕೇಳುತ್ತೇನೆ. ಯಶವಂತಪುರದಲ್ಲಿ ಲೋಡು ಇಳಿಸಿದ ದಿನ ಪುರುಸೊತ್ತಿದ್ದರೆ ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳ ಸಾಲಿರುವ ಜೆ.ಸಿ. ರಸ್ತೆಗೆ ಹೋಗಿ ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸುತ್ತೇನೆ. ಬಿಲ್ಲು ಬೇಡವೆಂದರೆ ಸ್ವಲ್ಪ ಬಿಡುತ್ತೇವೆ ಎನ್ನುವವರಿದ್ದಾರೆ, ಆದರೆ ಬಿಲ್ಲಿಲ್ಲದೆ ಮಾಲು ವಾಪಸು ಮಾಡಲಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ಬಿಲ್ಲು ಹಾಕಿಸಿಕೊಳ್ಳುವ ಹೊರೆಯೂ ಈಗ ಮೊದಲಿನಷ್ಟಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಒಮ್ಮೆ ಹಿಂದಿನ ಎಡ ಹಬ್‌ಗೆ ಬಿಲ್ಲಿಲ್ಲದೆ ಒಂದು ಬೇರಿಂಗ್ ತಂದು ಹಾಕಿದೆ. ಡಬ್ಬಿ ಒಳ್ಳೆಯ ಕಂಪನಿಯದರಂತೆಯೇ ಇತ್ತು. ಮೂರನೆಯ ಟ್ರಿಪ್ಪಿನಲ್ಲಿ ಶಿರಾ ದಾಟುವಷ್ಟರಲ್ಲಿ ಹಬ್ ಕೈ ಇಡಲಾಗದಷ್ಟು ಕಾದು, ಗ್ರೀಸು ಕರಗಿ ಡ್ರಮ್ಮಿಗೆ ಇಳಿದಿತ್ತು. ರಾತ್ರಿಯೆಲ್ಲ ರಸ್ತೆ ಬದಿ ನಿಂತೆ. ಮೂಟೆಯೊಳಗೆ ಈರುಳ್ಳಿ ಬೆವರಿ, ರೈತನ ಮಾಲಿಗೆ ದರ ಕಡಿಮೆಯಾಯಿತು. ಅದು ನನಗೆ ಹಣಕ್ಕಿಂತ ಹೆಚ್ಚಿನ ನೋವು ಕೊಟ್ಟಿತು. ಬಿಚ್ಚಿದ ಬೇರಿಂಗಿನ ಅಂಚಿನ ಸಂಖ್ಯೆ ಕೆತ್ತಿದ್ದಾಗಿರದೆ ಮುದ್ರೆ ಒತ್ತಿದ್ದಾಗಿತ್ತು, ಉಗುರಿನಿಂದ ಉಜ್ಜಿದರೆ ಮಾಸುತ್ತಿತ್ತು. ಈಗ ಹಣ ಕೊಡುವ ಮೊದಲು ಅಂಗಡಿಯಲ್ಲೇ ಉಜ್ಜಿ ನೋಡುತ್ತೇನೆ.

ಹಬ್ ಗ್ರೀಸು ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಕೈಯ ಹದವೇ ಮುಖ್ಯ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಚಕ್ರಗಳ ನಡುವಿನ ಹೌಸಿಂಗನ್ನು ಜಾಕಿಯಿಂದ ಎತ್ತಿದ ಮೇಲೆ ಅದರ ಕೆಳಗೆ ಮರದ ದಿಮ್ಮಿಗಳನ್ನು ಜೋಡಿಸುತ್ತೇನೆ. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಎಂದೂ ಹೋಗುವುದಿಲ್ಲ. ಚಕ್ರ ಬಿಚ್ಚಿ, ಆಕ್ಸಲ್ ಎಳೆದು, ನಟ್ಟು ತೆಗೆದು ಹಬ್ಬನ್ನು ಹೊರಗೆ ತರುತ್ತೇನೆ. ಹಳೆಯ ಗ್ರೀಸನ್ನು ಪೂರ್ತಿ ತೊಳೆದ ಮೇಲೆ ರೋಲರುಗಳನ್ನು ಬಿಸಿಲಿಗೆ ಹಿಡಿದು ನೋಡಬೇಕು: ನೀಲಿ ಛಾಯೆ ಬಂದಿದ್ದರೆ ಅದು ಕಾದಿದೆ, ಸಣ್ಣ ಗುಳಿ ಬಿದ್ದಿದ್ದರೆ ಅದರ ಆಯುಷ್ಯ ಮುಗಿದಿದೆ. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು, ಬೇರಿಂಗಿನ ಅಗಲ ಬದಿಯನ್ನು ಅದರೊಳಕ್ಕೆ ಒತ್ತುತ್ತಾ ಹೋದರೆ, ರೋಲರುಗಳ ಸಂದಿನಿಂದ ಗ್ರೀಸು ಇನ್ನೊಂದು ಬದಿಗೆ ಎದ್ದು ಬರುತ್ತದೆ; ಸುತ್ತಲೂ ಹಾಗೆ ಬರುವವರೆಗೂ ಒತ್ತಬೇಕು. ಮೇಲೆ ಬಳಿದರೆ ಸಾಲದು. ಆಯಿಲ್ ಸೀಲನ್ನು ಪ್ರತಿ ಸಲವೂ ಹೊಸದು ಹಾಕುತ್ತೇನೆ. ನಟ್ಟು ಬಿಗಿಯುವಾಗ ಹಬ್ಬನ್ನು ತಿರುಗಿಸುತ್ತಲೇ ಇದ್ದು, ಅದು ಭಾರವಾಗಿ ತಿರುಗತೊಡಗಿದ ಮೇಲೆ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು ಲಾಕ್ ಹಾಕುತ್ತೇನೆ. ಮೂವತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡಿದ ಮೇಲೆಯೇ ಲೋಡಿಗೆ ಹೋಗುತ್ತೇನೆ.

ಹಬ್ ಬಿಚ್ಚಿದಾಗಲೇ ಲೈನರ್ ನೋಡುತ್ತೇನೆ. ರಿವೆಟ್ಟಿನ ತಲೆಗೆ ಹತ್ತಿರ ಸವೆದಿದ್ದರೆ ಒಂದು ಚಕ್ರಕ್ಕೆ ಮಾತ್ರ ಹಾಕದೆ ಆ ಆಕ್ಸಲಿನ ಎರಡೂ ಬದಿಗೆ ಹಾಕುತ್ತೇನೆ, ಇಲ್ಲದಿದ್ದರೆ ಬ್ರೇಕು ಒಂದು ಕಡೆಗೆ ಎಳೆಯುತ್ತದೆ. ಫಿಲ್ಟರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ಲೋಕಲ್ ಡೀಸೆಲ್ ಫಿಲ್ಟರಿನಿಂದ ಉಳಿಯುವ ಹಣ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಕೆಡುವ ಖರ್ಚಿನ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಬಾಗಿಲು, ಮಡ್‌ಗಾರ್ಡ್, ಲೈಟಿನ ಕಟ್ಟು, ಡೀಸೆಲ್ ಟ್ಯಾಂಕುಗಳನ್ನು ಮಾತ್ರ ಗುಜರಿಯಿಂದ ಧೈರ್ಯವಾಗಿ ತರುತ್ತೇನೆ. ಬ್ರೇಕು ಮತ್ತು ಸ್ಟೇರಿಂಗಿಗೆ ಸೇರಿದ ಯಾವುದನ್ನೂ ಅಲ್ಲಿಂದ ತರುವುದಿಲ್ಲ.

ನಾನು ಕೈ ಹಾಕದ ಕೆಲಸಗಳೂ ಇವೆ. ಕಿಂಗ್ ಪಿನ್ನು (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಸ್ಟೇರಿಂಗ್ ಬಾಕ್ಸ್, ಬ್ರೇಕ್ ವಾಲ್ವ್, ಗೇರ್ ಬಾಕ್ಸುಗಳನ್ನು ಗ್ಯಾರೇಜಿಗೇ ಕೊಡುತ್ತೇನೆ. ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಚೇಂಬರನ್ನು ಯಾರೂ ಮನೆಯ ಮುಂದೆ ಬಿಚ್ಚಬಾರದೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಅದರೊಳಗೆ ಬಿಗಿಯಾಗಿ ಅದುಮಿಟ್ಟಿರುವ ಸ್ಪ್ರಿಂಗ್ ಚಿಮ್ಮಿದರೆ ಜೀವವೇ ಹೋಗಬಹುದು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ ಆಗಬೇಕಾದ್ದರಿಂದ, ಅದಕ್ಕೆ ಎರಡು ತಿಂಗಳು ಮುಂಚೆಯೇ ಇಂತಹ ಕೆಲಸಗಳ ಪಟ್ಟಿ ಮಾಡಿಕೊಂಡು, ಸ್ಪೇರ್ ನಾನೇ ತಂದಿಟ್ಟು, ಮೇಸ್ತ್ರಿಗೆ ಕೂಲಿ ಮಾತ್ರ ಕೊಡುತ್ತೇನೆ. ಈ ಸಲದ ಪಟ್ಟಿಯಲ್ಲಿ ಬಲಗಡೆಯ ಕಿಂಗ್ ಪಿನ್ನು ಇದೆ. ಅದರ ಕಿಟ್ಟು ಬಿಲ್ಲಿನ ಸಮೇತ ಕ್ಯಾಬಿನ್ನಿನಲ್ಲಿ ಸೀಟಿನ ಹಿಂದೆ ಇಟ್ಟಿದ್ದೇನೆ.